ಇದಿರು ಬರುವವನ ಕಣ್ಣು

ಬೆಳಕು ಮಂಗಳಕರವೆಂಬುದರಲ್ಲಿ ಈ ನಾಡಿನವರಿಗೆ ಎಂದೂ ಸಂದೇಹವಿದ್ದುದಿಲ್ಲ. ಮುಸ್ಸಂಜೆಯಲ್ಲಿ ದೀಪ ಹಚ್ಚಿದೊಡನೆ ಕೈಮುಗಿಯುವುದು ಮನೆಮನೆಯ ವಾಡಿಕೆ. ಆದರೆ ಮನೆಯ ದೀಪವು ಇಟ್ಟ ಕಡೆಯಲ್ಲಿಯೇ ಇರುವಂಥದು; ಅದರಿಂದ ಯಾರ ಕಣ್ಣಿಗೂ ನೋವಿಲ್ಲ. ಮೋಟಾರಿನ ಮುಂದಣ ದೀಪದ ಧರ್ಮ ಬೇರೆ. ಅದು ಒಬ್ಬನಿಗೆ ದಾರಿಯನ್ನು ತೋರುತ್ತಿರುವಾಗಲೇ ಮತ್ತೊಬ್ಬನ ದಾರಿಯನ್ನು ಅಳಿಸಿಬಿಡಬಲ್ಲುದು. ಆದುದರಿಂದ ಕಾರಿನ ಬಲ್ಬು ಸುಟ್ಟುಹೋಗಿ ಹೊಸದೊಂದನ್ನು ಕೊಳ್ಳುವ ಅಲ್ಪವ್ಯಾಪಾರದೊಳಗೂ ಒಂದು ಧರ್ಮಪ್ರಶ್ನೆ ಅಡಗಿದೆ: ತನ್ನ ಕ್ಷೇಮಕ್ಕೆಂದು ಒಬ್ಬನು ಎಷ್ಟು ಬೆಳಕನ್ನು ಬಳಸಬಹುದು?

ಹೆಚ್ಚು ಬೆಳಕನ್ನು ಬಯಸುವವನ ಪಕ್ಷವನ್ನು ಮೊದಲು ಕೇಳಬೇಕು. ಅದು ಹುರುಳಿಲ್ಲದ ಪಕ್ಷವಲ್ಲ. ದಾವಣಗೆರೆ ಜಿಲ್ಲೆಯ ಹಳ್ಳಿಯ ದಾರಿಗಳನ್ನು ರಾತ್ರಿಯಲ್ಲಿ ಬಲ್ಲವರು ಅದನ್ನು ಒಪ್ಪುವರು. ಚನ್ನಗಿರಿಯ ಅಡಕೆಯ ತೋಟಗಳ ನಡುವಣ ದಾರಿ ಹಗಲಿನಲ್ಲಿಯೇ ಮಬ್ಬು. ಹೊನ್ನಾಳಿಯ ಗದ್ದೆಬಯಲಿನಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರು ಹುಲ್ಲಿನ ಹೇರು ಹೊತ್ತು ಮೆಲ್ಲನೆ ಸಾಗುತ್ತಿರಬಹುದು. ಜಗಳೂರಿನ ಕಡೆ ಸುಗ್ಗಿಯ ದಿನಗಳಲ್ಲಿ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳವನ್ನು ಹರವಿ, ಸುತ್ತಲೂ ಕಲ್ಲುಗಳನ್ನಿಟ್ಟಿರಬಹುದು. ಇವೆಲ್ಲವನ್ನೂ ಕಾಣದೆ ಹೋದರೆ ಕೆಡುವುದು ಒಬ್ಬನ ಪ್ರಾಣವಲ್ಲ, ಗಾಡಿಯವನದೂ ಕೆಡುವುದು. ಹೀಗಿರಲು ಬೆಳಕನ್ನು ಬಯಸುವುದು ದುರಾಶೆಯಲ್ಲ, ಕರ್ತವ್ಯವೇ ಸರಿ.

ಆದರೆ ಅದೇ ದಾರಿಯಲ್ಲಿ ಇದಿರು ಬರುವವನೊಬ್ಬನುಂಟು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವವನು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತಾನೆ. ಅವನ ಕಣ್ಣು ಕೋರೈಸಿ ಮೂರೇ ಸೆಕೆಂಡು ಕುರುಡಾದರೂ 50 ಮೀಟರು ದೂರ ಅವನು ಕುರುಡನಾಗಿಯೇ ನಡೆಯಿಸಿದಂತಾಯಿತು. ಅವನ ಮುಂದೆಯೂ ಜೋಳದ ರಾಶಿಯಿರಬಹುದು, ಕಲ್ಲಿರಬಹುದು, ಸೈಕಲ್ಲಿನ ಹುಡುಗನಿರಬಹುದು. ತನಗೆ ಇವುಗಳನ್ನು ತೋರಿಸಿದ ಬೆಳಕೇ ಅವನಿಂದ ಇವುಗಳನ್ನು ಮರೆಸಿತು.

ಈ ಎರಡು ಕರ್ತವ್ಯಗಳೂ ಒಂದನ್ನೊಂದು ಹೊಡೆಯುವುವೆಂದು ತೋರಬಹುದು. ಆದರೆ ದೀಪವನ್ನು ನಿರ್ಮಿಸಿದವರು ಈ ತೊಡಕನ್ನು ಅರಿಯದವರಲ್ಲ. ಅನೇಕ ಕಾರುಗಳಲ್ಲಿರುವ ಎಚ್-4 ಎಂಬ ಹ್ಯಾಲೊಜನ್ ಬಲ್ಬಿನಲ್ಲಿ ಎರಡು ತಂತಿಗಳಿವೆ; ದೂರದ ಬೆಳಕಿಗೆ 60 ವಾಟು, ಡಿಪ್ಪಿಗೆ 55 ವಾಟು. ಡಿಪ್ಪಿನ ತಂತಿಯ ಕೆಳಗೆ ಚಿಕ್ಕದೊಂದು ಲೋಹದ ಮರೆಯುಂಟು. ಮೇಲಕ್ಕೆ ಹಾರಬೇಕಾಗಿದ್ದ ಕಿರಣಗಳನ್ನು ಅದು ತಡೆಯುತ್ತದೆ. ಎಡಗಡೆ ಸಂಚಾರದ ಈ ದೇಶದಲ್ಲಿ ಬೆಳಕಿನ ಅಂಚು ಎಡಕ್ಕೆ ತುಸು ಏರಿ, ಬಲಕ್ಕೆ ತಗ್ಗಿಯೇ ಇರುತ್ತದೆ. ಎಡದಂಚಿನಲ್ಲಿ ನಡೆಯುವ ಪಾದಚಾರಿ ಕಾಣಬೇಕು. ಬಲದಲ್ಲಿ ಇದಿರಾಗುವವನ ಕಣ್ಣು ಉಳಿಯಬೇಕು. ಎಷ್ಟು ಬೆಳಕೆಂಬುದಕ್ಕಿಂತ ಬೆಳಕು ಎಲ್ಲಿ ನಿಲ್ಲಬೇಕೆಂಬುದೇ ಇಲ್ಲಿ ಮುಖ್ಯವಾದುದು. ದೀಪದ ಯೋಗ್ಯತೆ ಅದರ ಎಲ್ಲೆಯಲ್ಲಿದೆ.

ಈ ಎಲ್ಲೆ ಬಲು ನಾಜೂಕಿನದು. ತಂತಿ ಒಂದೆರಡು ಮಿಲಿಮೀಟರು ಸರಿದರೂ ಕೆಡುತ್ತದೆ. ತಂತಿಯ ಬಲ್ಬಿಗೆಂದು ಮಾಡಿದ ಕನ್ನಡಿಯೊಳಗೆ ಬೇರೆ ಆಕಾರದ ಎಲ್‌ಇಡಿಯನ್ನು ಕೂರಿಸಿದರೆ ಬೆಳಕು ಹೆಚ್ಚಬಹುದು, ಅಂಚು ಉಳಿಯುವುದು ದುರ್ಲಭ. 100 ವಾಟಿನ ಬಲ್ಬನ್ನು ಹಾಕಿದರೆ ಕಣ್ಣಿಗಷ್ಟೇ ಅಲ್ಲ, ವಯರಿಗೂ ಕನ್ನಡಿಗೂ ತಾಪ. ನೀಲಿಯ ಲೇಪವುಳ್ಳ ಹ್ಯಾಲೊಜನ್ ಬಲ್ಬು ಬೆಳ್ಳಗೆ ಹೊಳೆದರೂ, ಆ ಲೇಪವೇ ಬೆಳಕಿನ ಒಂದು ಪಾಲನ್ನು ನುಂಗುತ್ತದೆ. ಕಿರಣವು ಇದಿರಿನವನ ಕಣ್ಣು ಕೋರೈಸದಂತೆ ಕೆಳಮೊಗವಾಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. 2024ರ ಜುಲೈಯಿಂದ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಮೊಕದ್ದಮೆ ಹೂಡತೊಡಗಿದರು. ಆದರೆ ನಡುರಾತ್ರಿ ನ್ಯಾಮತಿಯಿಂದ ಸವಳಂಗಕ್ಕೆ ಹೋಗುವವನ ಕೈಯನ್ನು ಹಿಡಿಯುವ ಪೊಲೀಸನೆಲ್ಲಿ? ಅಲ್ಲಿ ಡಿಪ್ಪಿನ ಗುಂಡಿಯನ್ನು ಒತ್ತಿಸಬೇಕಾದುದು ಮನಸ್ಸಾಕ್ಷಿಯೊಂದೇ.

ಮಂಜಿನ ದೀಪವೂ ಇದೇ ಪಾಠವನ್ನು ಹೇಳುತ್ತದೆ. ತುಂಗಭದ್ರೆಯ ದಡದಲ್ಲಿ ಚಳಿಗಾಲದ ಬೆಳಗಿನ ಜಾವ ಮಂಜು ಕವಿದಾಗ ದೂರದ ಬೆಳಕನ್ನು ಹಾಕಿದವನಿಗೆ ದಾರಿಯ ಬದಲು ಬಿಳಿಯ ಗೋಡೆ ಕಾಣುತ್ತದೆ. ಮಂಜಿನ ಹನಿಗಳು ಅವನ ಬೆಳಕನ್ನು ಅವನ ಕಣ್ಣಿಗೇ ಹಿಂತಿರುಗಿಸುತ್ತವೆ. ಅದಕ್ಕಾಗಿಯೇ ಮಂಜಿನ ದೀಪವನ್ನು ಬಂಪರಿನ ಕೆಳಗೆ ತಗ್ಗಿಸಿ, ಬೆಳಕು ಅಗಲವಾಗಿ ನೆಲದ ಮೇಲೆಯೇ ಹರಡುವಂತೆ ಮಾಡಿರುತ್ತಾರೆ. ಹಳದಿಯ ಬಲ್ಬು ಮಂಜನ್ನು ಭೇದಿಸುವುದೆಂಬ ನಂಬಿಕೆ ಹಳೆಯದು. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಳಿಗಿಂತ ಬಲು ದೊಡ್ಡವಾದುದರಿಂದ ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಸಮನಾಗಿಯೇ ಚೆದರಿಸುತ್ತವೆ. ಅಲ್ಲಿ ಕಾಯುವುದು ಬಣ್ಣಕ್ಕಿಂತ ತಗ್ಗು. ಮಂಜಿಲ್ಲದ ರಾತ್ರಿಯಲ್ಲಿಯೂ ಅದನ್ನು ಉರಿಸುವುದು ಬರಿಯ ಆಡಂಬರ.

“ಇದಿರಿನವನು ಡಿಪ್ಪು ಮಾಡನು; ನಾನೊಬ್ಬನೇಕೆ ಮಾಡಲಿ?” ಎಂಬ ವಾದವೊಂದು ಉಳಿಯುತ್ತದೆ. ಎಲ್ಲರೂ ಹೀಗೆ ವಾದಿಸಿ ಒಬ್ಬರಿಗಿಂತ ಒಬ್ಬರು ಪ್ರಖರವಾದ ಬಲ್ಬನ್ನು ಕೊಂಡರೆ, ಕೊನೆಗೆ ಎಲ್ಲರೂ ಹಣ ತೆತ್ತು ಕುರುಡರಾಗುವರು. ಅದಕ್ಕಿಂತ ಮುಖ್ಯವಾದ ಉತ್ತರ ಬೇರೊಂದಿದೆ. ಕಾರಿನವನಿಗೆ ಕಾರಿನವನು ಡಿಪ್ಪು ಮಾಡುವುದು ಕೊಡುಕೊಳ್ಳುವಿಕೆ; ಈ ಹೊತ್ತು ತಾನು, ನಾಳೆ ಅವನು. ಆದರೆ ಸೈಕಲ್ಲಿನವನಿಗೆ, ತಲೆಯ ಮೇಲೆ ಸೌದೆ ಹೊತ್ತು ಬರುವ ಹೆಂಗಸಿಗೆ, ಕಣ್ಣು ಕುಕ್ಕಿ ಬೆದರುವ ಎತ್ತುಗಳಿಗೆ ಪ್ರತಿಯಾಗಿ ತಗ್ಗಿಸಲು ದೀಪವೇ ಇಲ್ಲ. ಅವರಿಂದ ಉಪಕಾರವೂ ಬಾರದು, ಅಪಕಾರವೂ ಬಾರದು. ಅವರೆದುರಿನಲ್ಲಿ ಬೆಳಕನ್ನು ತಗ್ಗಿಸುವುದೇ ಲೆಕ್ಕವಿಲ್ಲದ ಧರ್ಮ.

ಈ ಧರ್ಮಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಬೆಳಕು ಕುಂದಿತೆಂದು ದೊಡ್ಡ ಬಲ್ಬನ್ನು ಕೊಳ್ಳುವ ಮೊದಲು ಮಾಸಿದ ಗಾಜನ್ನು ತೊಳೆದು ನೋಡಬೇಕು. ತುಕ್ಕು ಹಿಡಿದ ವಯರಿನಿಂದ ವೋಲ್ಟೇಜು ಹತ್ತರಲ್ಲೊಂದು ಪಾಲು ತಗ್ಗಿದರೂ ಹ್ಯಾಲೊಜನ್ ಬಲ್ಬಿನ ಬೆಳಕು ಸುಮಾರು ಮೂರರಲ್ಲೊಂದು ಪಾಲು ತಗ್ಗುತ್ತದೆ. ಹಾಗೂ ಬದಲಿಸಬೇಕಾದರೆ ಕಾರಿನ ಪುಸ್ತಕದಲ್ಲಿ ಹೇಳಿದ ಜಾತಿಯ, ಹೇಳಿದ ವಾಟಿನ ಬಲ್ಬುಗಳನ್ನೇ ಜೊತೆಯಾಗಿ ಹಾಕಿಸಿ, ಗೋಡೆಯ ಮುಂದೆ ನಿಲ್ಲಿಸಿ ಅಂಚನ್ನು ಸರಿನೋಡಿಸಬೇಕು. ಇಷ್ಟಾದ ಮೇಲೂ ಕಾಣದಿದ್ದರೆ ವೇಗವನ್ನು ತಗ್ಗಿಸಬೇಕು. ಬೆಳಕನ್ನು ಕೊಳ್ಳುತ್ತೇನೆಂದುಕೊಂಡವನು ಅನೇಕ ವೇಳೆ ಕೊಳ್ಳುವುದು ವೇಗವನ್ನು. ಅದರ ಬೆಲೆಯನ್ನು ತೆರುವವನು ಇದಿರು ಬರುವವನು.