ನೋಡುವವನ ಕಾವು

ಕತ್ತಲೆಯಲ್ಲಿರುವ ವಸ್ತು ಕಣ್ಣಿಗೆ ಕಾಣುವುದಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ನೋಡುವ ಕಣ್ಣೇ ಉರಿಯುತ್ತಿದ್ದರೆ ಎದುರಿಗಿರುವುದೂ ಕಾಣುವುದಿಲ್ಲವೆಂಬುದು ಅಷ್ಟು ಬೇಗ ಮನಸ್ಸಿಗೆ ಬರುವುದಿಲ್ಲ. ರಾಗದ್ವೇಷಗಳನ್ನು ಕಳೆದುಕೊಂಡವನೇ ಸತ್ಯವನ್ನು ಕಾಣಬಲ್ಲನೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ರಾಗವೆಲ್ಲ ಹೋದ ಮೇಲೆ ಪರರ ನೋವು ತಟ್ಟುವ ಬಗೆ ಯಾವುದು? ತಣ್ಣಗಾದವನು ಕಲ್ಲಾದವನಲ್ಲವೇ? ಮಠದ ಹಳೆಯ ವಿದ್ಯಾರ್ಥಿಗಳು, ಅದರಲ್ಲಿಯೂ ಕಲಬುರಗಿಯ ಕಚೇರಿ ನ್ಯಾಯಾಲಯಗಳಲ್ಲಿ ನಾಲ್ಕು ಜನರ ವ್ಯಾಜ್ಯ ಕೇಳುವ ಸ್ಥಾನದಲ್ಲಿರುವವರು, ಈ ಪ್ರಶ್ನೆಯನ್ನು ನಮ್ಮ ಮುಂದೆ ಇಡುವುದುಂಟು. ಶಾಸ್ತ್ರದಿಂದ ಉತ್ತರ ಹೇಳುವವರು ಬಹಳ ಮಂದಿ ಇದ್ದಾರೆ. ಸದ್ಭಕ್ತರೇ, ಈ ಸಲ ಖಗೋಳ ವಿಜ್ಞಾನಿಗಳ ಒಂದು ಕಷ್ಟದಿಂದ ವಿಚಾರವನ್ನು ಆರಂಭಿಸೋಣ.

1800ರಲ್ಲಿ ಇಂಗ್ಲೆಂಡಿನ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞನು ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಬಣ್ಣಗಳಾಗಿ ಬಿಡಿಸಿ, ಬಣ್ಣಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ಪರೀಕ್ಷಿಸಿದನು. ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ, ಪಾದರಸ ಇನ್ನೂ ಮೇಲೇರಿತು. ಇದೇ ಅವಗೆಂಪು ಕಿರಣ. ಕಾವುಳ್ಳ ವಸ್ತುಗಳೆಲ್ಲವೂ ಇದನ್ನು ಸೂಸುತ್ತವೆ: ಸೂರ್ಯ, ಒಲೆ, ಹಟ್ಟಿಯಲ್ಲಿ ಮಲಗಿರುವ ಎಮ್ಮೆ, ಈ ಪತ್ರಿಕೆಯನ್ನು ಹಿಡಿದಿರುವ ತಮ್ಮ ಕೈ. ನಕ್ಷತ್ರಗಳು ಹುಟ್ಟುವುದು ದಟ್ಟವಾದ ಧೂಳಿನ ಮೋಡಗಳ ಗರ್ಭದಲ್ಲಿ. ಸಾಮಾನ್ಯ ಬೆಳಕು ಆ ಧೂಳನ್ನು ದಾಟಿ ಬರಲಾರದು; ಅವಗೆಂಪು ದಾಟಿ ಬರುತ್ತದೆ. ಆದರೆ ಅದನ್ನು ಹಿಡಿಯಬೇಕಾದ ದೂರದರ್ಶಕವೂ ಕಾವುಳ್ಳ ವಸ್ತುವೇ. ಅದರ ಕನ್ನಡಿ, ಅದರ ಕೊಳವೆ, ಅದರ ಗ್ರಾಹಕ ಎಲ್ಲವೂ ತಾವೇ ಅವಗೆಂಪಿನಲ್ಲಿ ಹೊಳೆಯುತ್ತಿರುತ್ತವೆ. ವೈಶಾಖದ ಕಲಬುರಗಿಯಲ್ಲಿ ಮಟಮಟ ಮಧ್ಯಾಹ್ನ ಹೊಲದ ನಡುವೆ ಹಚ್ಚಿಟ್ಟ ಹಣತೆಯನ್ನು ಹರದಾರಿ ದೂರದಿಂದ ಹುಡುಕಿದಂತಾಯಿತು ಅವರ ಕೆಲಸ.

ಆದುದರಿಂದ ದೂರದರ್ಶಕವನ್ನೇ ತಣ್ಣಗೆ ಮಾಡಿ ಅಂತರಿಕ್ಷಕ್ಕೆ ಕಳುಹಿಸಿದರು. 1983ರಲ್ಲಿ ಹಾರಿದ ಐರಾಸ್ ಎಂಬ ಉಪಗ್ರಹದ ಕನ್ನಡಿಯ ಅಗಲ 57 ಸೆಂಟಿಮೀಟರು. ದ್ರವ ಹೀಲಿಯಂ ತುಂಬಿದ ಪಾತ್ರೆಯೊಂದು ಅದನ್ನು ತಣ್ಣಗಿಟ್ಟಿತ್ತು. ಹೀಲಿಯಂ ಆವಿಯಾಗಿ ಹೋಗುತ್ತ ಹತ್ತು ತಿಂಗಳಿಗೆ ಬರಿದಾಯಿತು, ಕಣ್ಣು ಮುಚ್ಚಿತು. 2003ರ ಸ್ಪಿಟ್ಜರ್ ದೂರದರ್ಶಕದ ಹೀಲಿಯಂ 2009ರ ಮೇ ತಿಂಗಳಲ್ಲಿ ಮುಗಿಯಿತು. ಆಮೇಲೆ 2020ರವರೆಗೆ ಅದು ಕಂಡದ್ದು ತನ್ನ ದೃಷ್ಟಿಯ ಒಂದು ಅಂಚನ್ನು ಮಾತ್ರ. ಹರ್ಷೆಲನ ಹೆಸರನ್ನೇ ಹೊತ್ತು 2009ರಲ್ಲಿ ಹೋದ ಮೂರೂವರೆ ಮೀಟರ್ ಕನ್ನಡಿಯ ದೂರದರ್ಶಕವು ಎರಡು ಸಾವಿರ ಲೀಟರಿಗೂ ಮಿಕ್ಕಿದ ಹೀಲಿಯಂ ಕೊಂಡೊಯ್ದಿತ್ತು. 2013ರ ಏಪ್ರಿಲ್‌ನಲ್ಲಿ ಅದೂ ತೀರಿತು. ಯಂತ್ರ ಮುರಿದಿರಲಿಲ್ಲ, ಕನ್ನಡಿ ಒಡೆದಿರಲಿಲ್ಲ. ತಂಪು ಮುಗಿದಿತ್ತು, ಅಷ್ಟೇ.

ಶ್ರಾವಣದ ನೇಮಗಳು ಭಾದ್ರಪದದಲ್ಲಿ ಏನಾಗುತ್ತವೆಂಬುದನ್ನು ಬಲ್ಲ ಓದುಗರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಪಾತ್ರೆಯಲ್ಲಿ ತುಂಬಿಕೊಂಡು ಹೋದ ವೈರಾಗ್ಯಕ್ಕೆ ಪಾತ್ರೆಯಷ್ಟೇ ಆಯುಷ್ಯ. 2021ರ ಡಿಸೆಂಬರ್ 25ರಂದು ಹೊರಟ ಜೇಮ್ಸ್ ವೆಬ್ ದೂರದರ್ಶಕದಲ್ಲಿ ಬೇರೊಂದು ಉಪಾಯ ಮಾಡಿದರು. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ಅದು ಸೂರ್ಯ, ಭೂಮಿ, ಚಂದ್ರ ಮೂರಕ್ಕೂ ಬೆನ್ನು ತಿರುಗಿಸಿಕೊಂಡಿದೆ. ಟೆನಿಸ್ ಅಂಗಳದಷ್ಟು ಹರವಿನ ಐದು ಪದರಗಳ ತೆಳುವಾದ ಕೊಡೆಯೊಂದನ್ನು ಬೆನ್ನಿಗೆ ಹಿಡಿದಿದೆ. ಆ ನೆರಳಿನಲ್ಲಿ ಅದರ ಆರೂವರೆ ಮೀಟರ್ ಕನ್ನಡಿ ಹೀಲಿಯಂ ಪಾತ್ರೆಯ ಹಂಗಿಲ್ಲದೆ ಮೈನಸ್ 220 ಡಿಗ್ರಿಗಿಂತಲೂ ತಣ್ಣಗಿರುತ್ತದೆ. ಇದು ಸಂಗ್ರಹಿಸಿದ ತಂಪಲ್ಲ, ನಿಲುವಿನಿಂದ ಬಂದ ತಂಪು. ಆದರೂ ಅತ್ಯಂತ ಕ್ಷೀಣವಾದ ಕಾವನ್ನು ನೋಡುವ ಒಂದು ಉಪಕರಣಕ್ಕೆ ಅಷ್ಟು ಸಾಲದು. ಅದನ್ನು ಮೈನಸ್ 266 ಡಿಗ್ರಿಗೆ ಇಳಿಸಲು ಹೀಲಿಯಂ ಅನಿಲವನ್ನು ಸುತ್ತಿಸುವ ಶೀತಯಂತ್ರವೊಂದು ದುಡಿಯುತ್ತಲೇ ಇರಬೇಕು. ನೆರಳಿನಲ್ಲಿ ನಿಂತವನಿಗೂ ನಿತ್ಯದ ಕೆಲಸ ತಪ್ಪಿದ್ದಲ್ಲ.

ಇದನ್ನೆಲ್ಲ ನಮ್ಮ ಪೂರ್ವಿಕರು ಮೊದಲೇ ಹೇಳಿದ್ದರೆಂದು ವೇದಿಕೆಗಳ ಮೇಲೆ ಸಾರುವವರು ಹುಟ್ಟಿಕೊಳ್ಳುತ್ತಾರೆ. ಅಂಥ ಮಾತು ನಮಗೆ ಒಪ್ಪಿಗೆಯಿಲ್ಲ. ಹೀಲಿಯಮ್ಮನ್ನು ದ್ರವವಾಗಿಸಿದ ಕೀರ್ತಿ 1908ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅದನ್ನು ಸಾಧಿಸಿದ ಕಾಮರ್ಲಿಂಗ್ ಓನೆಸ್‌ಗೆ ಸಲ್ಲತಕ್ಕದ್ದು. ನಮಗೆ ಬೇಕಾದುದು ಮೊದಲಿನ ಪ್ರಶ್ನೆ: ತಣ್ಣಗಾದವನು ಕಲ್ಲಾದವನೇ? ಅಂತರಿಕ್ಷದ ಕತ್ತಲೆಯಲ್ಲಿ ತಣ್ಣಗೆ ಅಲೆಯುವ ಬಂಡೆಗಳಿಗೆ ಲೆಕ್ಕವಿಲ್ಲ. ಅವು ಏನನ್ನೂ ನೋಡುವುದಿಲ್ಲ. ದೂರದರ್ಶಕವು ತಣ್ಣಗಾದುದು ತನ್ನ ತಂಪಿಗಾಗಿ ಅಲ್ಲ. ಧೂಳಿನ ಒಳಗೆ ಹುಟ್ಟುತ್ತಿರುವ ಮತ್ತೊಂದರ ಕಾವು ತನ್ನ ಕಾವಿನಲ್ಲಿ ಕರಗಿ ಹೋಗಬಾರದೆಂದು. ಪರರ ನೋವನ್ನು ಅರಿಯದ ನಿರ್ಮೋಹವು ಬಂಡೆಯ ಚಳಿ. ಅದಕ್ಕೆ ವೈರಾಗ್ಯವೆಂಬ ಹೆಸರು ಸಲ್ಲದು.

ಇಲ್ಲಿ ಸಂಸಾರಿಗಳು ಕೇಳಬಹುದು: ಹದಿನೈದು ಲಕ್ಷ ಕಿಲೋಮೀಟರ್ ಆಚೆ ಹೋಗಿ ನಿಲ್ಲುವುದು ನಮ್ಮಿಂದಾದೀತೇ? ಅವರಿಗೆ ನಾವು ತೋರಿಸುವುದು ನೆರೆಯ ಹೈದರಾಬಾದಿನ ಬಲೂನನ್ನು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರಿಗೆ ಅಲ್ಲಿ ಬಲೂನು ಹಾರಿಸುವ ಕೇಂದ್ರವಿದೆ. ಆ ಬಲೂನುಗಳು ಗಾಳಿಯ ಜೊತೆ ನಮ್ಮ ಸೀಮೆಗೂ ತೇಲಿ ಬರುತ್ತವೆ. 2025ರ ಜನವರಿಯಲ್ಲಿ ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ ಒಂದು ಬಲೂನು ಮನೆಯ ಮೇಲೆಯೇ ಇಳಿದು ಊರನ್ನು ಬೆರಗುಗೊಳಿಸಿತು. (ಶಾಸನ ಬರೆಯುವ ಶಿಲಾಬಾಲಿಕೆಯ ಊರು ಅದು, ನೋಡದವರು ಒಮ್ಮೆ ನೋಡಬೇಕು.) ಅದೇ ಕೇಂದ್ರದಿಂದ ಒಂದು ಮೀಟರ್ ಕನ್ನಡಿಯ ಅವಗೆಂಪು ದೂರದರ್ಶಕವೊಂದು ಹಲವು ಸಲ ಮೂವತ್ತು ಕಿಲೋಮೀಟರ್ ಎತ್ತರಕ್ಕೆ, ಗಾಳಿಯ ತೇವವು ಅಡ್ಡ ಬಾರದಲ್ಲಿಗೆ, ಏರಿ ಇಳಿದಿದೆ. ಅದರ ಗ್ರಾಹಕಗಳಿಗೆ ಮಾತ್ರ ಹೀಲಿಯಂ ತಂಪು. ಕನ್ನಡಿಗೆ ಆ ಭಾಗ್ಯವಿಲ್ಲ, ಅದು ಹೊಳೆಯುತ್ತಲೇ ಇರುತ್ತದೆ. ಹಾಗಾದರೆ ಕಾಣುವುದು ಹೇಗೆ? ಒಳಗಿನ ಚಿಕ್ಕ ಕನ್ನಡಿಯು ಸೆಕೆಂಡಿಗೆ ಹಲವು ಸಲ ಓಲಾಡುತ್ತ, ಒಮ್ಮೆ ನಕ್ಷತ್ರದ ಮೋಡವನ್ನೂ ಒಮ್ಮೆ ಪಕ್ಕದ ಬರಿಯ ಆಕಾಶವನ್ನೂ ನೋಡುತ್ತದೆ. ಸ್ವಂತ ಕಾವು ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ. ಒಂದರಿಂದ ಒಂದನ್ನು ಕಳೆದರೆ ಉಳಿಯುವುದು ಮೋಡದ ಕಾವು. ತನ್ನ ಉರಿಯನ್ನು ಆರಿಸಲಾರದವನು ಅದನ್ನು ಅಳೆದು ಕಳೆಯಬಲ್ಲನು.

ಕಮಲಾಪುರದ ಅಣ್ಣತಮ್ಮಂದಿರಿಬ್ಬರು ಕೆಂಪು ಬಾಳೆಯ ತೋಟ, ಒಂದು ಬಾವಿ ಇವುಗಳ ವಾಟಣಿಗಾಗಿ ಮಠಕ್ಕೆ ಬಂದಿದ್ದರು. ಅಣ್ಣ ದಾಸೋಹದಲ್ಲಿ ದುಡಿಯುವವನು, ಮೃದುವಾದ ಮಾತು, ಬರುವಾಗ ಬಾಳೆಗೊನೆ ತಂದಿದ್ದನು. ತಮ್ಮನದು ಏರು ದನಿ. ಕೇಳುವವರ ಮನಸ್ಸು ಇಂಥಲ್ಲಿ ಯಾವ ಕಡೆಗೆ ವಾಲುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರ ಹೇಳಿಕೆಗಳನ್ನೂ ಒಬ್ಬನೇ ಬರಹಗಾರನಿಂದ, ಹೆಸರುಗಳಿಲ್ಲದೆ, ಒಂದೇ ಬಗೆಯ ಮಾತಿನಲ್ಲಿ ಬರೆಯಿಸಿದೆವು. ತಮ್ಮನ ಮಾತು ಅಣ್ಣನದಾಗಿದ್ದರೆ ಹೇಗೆ ಕೇಳಿಸುತ್ತಿತ್ತೆಂದು ಅದಲು ಬದಲು ಮಾಡಿ ಓದಿಸಿದೆವು. ದನಿ ಹೋಯಿತು, ಗೊನೆ ಹೋಯಿತು. ಬಾವಿಯನ್ನು ಆಳ ಮಾಡಿಸಲು ತಮ್ಮನು ಹೆಂಡತಿಯ ಬಂಗಾರವನ್ನು ಒತ್ತೆಯಿಟ್ಟಿದ್ದನೆಂಬುದು ಉಳಿಯಿತು. ಅಣ್ಣನೇ ಅದನ್ನು ಮೊದಲು ಒಪ್ಪಿಕೊಂಡನು. ತೋಟದ ಪಾಲು ಅಂದೇ ಇತ್ಯರ್ಥವಾಯಿತು. ಬೇಸಿಗೆಯ ನೀರಿನ ಸರದಿ ಇನ್ನೂ ಬಗೆಹರಿದಿಲ್ಲ. ಅಮಾವಾಸ್ಯೆ ಕಳೆದ ಮೇಲೆ ಇಬ್ಬರೂ ಮತ್ತೆ ಬರಲಿದ್ದಾರೆ.