ಮನೆ ಖಾಲಿ ಮಾಡುವವರಿಗೆ ಆನಂದರ ಹತ್ತು ದಿನ


ಇಂದಿನ ಧಮ್ಮ ಚಿಂತನೆ



ನಿನ್ನೆ ರಾತ್ರಿ ನಮ್ಮ ಬಳಗದ ಹಿರಿಯರೊಬ್ಬರು ಒಂದು ಪ್ರಶ್ನೆ ಹಾಕಿದ್ದರು. ದೊಡ್ಡ ಮನೆ ಬಿಟ್ಟು ಸಣ್ಣ ಮನೆಗೆ ಹೋಗಬೇಕಾಗಿದೆ, ಮೂವತ್ತು ವರ್ಷದ ಸಾಮಾನು ಇದೆ, ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಮಾರಲಿ, ಯಾವುದನ್ನು ದಾನ ಮಾಡಲಿ, ಧಮ್ಮದಲ್ಲಿ ಇದಕ್ಕೆ ದಾರಿ ಇದೆಯೇ ಎಂದು. ಯಾರೋ ಒಬ್ಬರು "ಎಲ್ಲವೂ ಅನಿತ್ಯ ಸರ್" ಎಂದು ಬರೆದು ಕೈಮುಗಿದ ಚಿತ್ರ ಹಾಕಿದರು. ಅನಿತ್ಯ ಹೌದು. ಆದರೆ ಲಾರಿ ಬಾಗಿಲಿಗೆ ಬಂದು ನಿಂತಾಗ ಕಬ್ಬಿಣದ ಮಂಚ ಅನಿತ್ಯವಾಗಿ ಕಾಣುವುದಿಲ್ಲ. ಕಳೆದ ವರ್ಷ ಕಲಬುರಗಿಯ ಮನೆ ಖಾಲಿ ಮಾಡಿ ಬೆಂಗಳೂರಿನಲ್ಲಿ ಮಗಳ ಮನೆಯ ಹತ್ತಿರ ಒಂದು ಬೆಡ್‌ರೂಮಿನ ಮನೆಗೆ ಬಂದವನು ನಾನು. ಆಗ ಮಾಡಿದ ತಪ್ಪನ್ನೂ ಸೇರಿಸಿ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಚಹಾ ಕುಡಿಯುತ್ತ ಓದಿ.

ಮೊದಲು ಒಂದು ಮಾತು. ಭಿಕ್ಖುವಿನ ಪರಿಕರ ಎಂಟೇ: ಮೂರು ಚೀವರ, ಪಾತ್ರೆ, ಕ್ಷೌರದ ಕತ್ತಿ, ಸೂಜಿ, ನಡುಪಟ್ಟಿ, ನೀರು ಸೋಸುವ ಬಟ್ಟೆ. ಇದನ್ನು ಕೇಳಿ ಗೃಹಸ್ಥರಾದ ನಾವು ನಾಚಿಕೊಳ್ಳಬೇಕಾಗಿಲ್ಲ. ಭಗವಾನರು ಕೋಲಿಯರ ದೀಘಜಾಣು ಎಂಬ ಗೃಹಸ್ಥನಿಗೆ ಹೇಳಿದ್ದು ಬೇರೆ: ದುಡಿದು ಗಳಿಸು, ಗಳಿಸಿದ್ದನ್ನು ಕಾಪಾಡಿಕೊ, ಒಳ್ಳೆಯವರ ಸಂಗದಲ್ಲಿರು, ಆದಾಯ ನೋಡಿ ಖರ್ಚು ಮಾಡು. ಆದ್ದರಿಂದ ಫ್ರಿಜ್ ಮಾರಿದರೆ ಪಾಪ, ದಾನ ಕೊಟ್ಟರೆ ಮಾತ್ರ ಪುಣ್ಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಫ್ರಿಜ್ಜು, ಎರಡು ಮಂಚ, ಊಟದ ಮೇಜು ಮಾರಿದೆ. ಬಂದ ಹಣ ಲಾರಿ ಬಾಡಿಗೆಗೆ ಆಯಿತು. ಮೂರನೆಯ ಮಂಚವನ್ನು ಪುಣ್ಯದ ಆಸೆಗೆ ಒಬ್ಬರಿಗೆ ಸುಮ್ಮನೆ ಕೊಟ್ಟೆ. ಅವರ ಮನೆಯೇ ಹತ್ತಡಿಗೆ ಹತ್ತಡಿ. ಮಂಚ ಇಟ್ಟ ಮೇಲೆ ಮನೆಯವರು ಬಾಗಿಲಲ್ಲಿ ಕೂರುವಂತಾಯಿತು. ಬೇಡ ಎನ್ನಲು ಅವರಿಗೆ ಸಂಕೋಚ, ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

ಇಟ್ಟುಕೊಳ್ಳುವುದು ಎಷ್ಟು? ವಿನಯಪಿಟಕದಲ್ಲಿ ಇದಕ್ಕೆ ಒಂದು ಒಳ್ಳೆಯ ಪ್ರಸಂಗವಿದೆ. ಭಗವಾನರು ರಾಜಗಹದಿಂದ ವೇಸಾಲಿಗೆ ಹೋಗುತ್ತಿದ್ದಾಗ ದಾರಿಯಲ್ಲಿ ಭಿಕ್ಖುಗಳು ಬಟ್ಟೆಯ ಗಂಟುಗಳನ್ನು ಹೊತ್ತು ಬರುತ್ತಿದ್ದರು. ತಲೆಯ ಮೇಲೊಂದು ಗಂಟು, ಹೆಗಲ ಮೇಲೊಂದು, ಸೊಂಟದ ಮೇಲೊಂದು. ಮನೆ ಬಿಟ್ಟು ಬಂದವರೂ ಮನೆ ಬದಲಿಸುವವರ ಹಾಗೆ ಕಾಣುತ್ತಿದ್ದರು ಎನ್ನಿ. ಭಗವಾನರು ಅಲ್ಲೇ ಬೈಯಲಿಲ್ಲ. ವೇಸಾಲಿಯ ಗೋತಮಕ ಚೈತ್ಯದಲ್ಲಿ, ಹಿಮ ಬೀಳುವ ಚಳಿಗಾಲದ ರಾತ್ರಿ, ಒಂದೇ ಚೀವರ ಹೊದ್ದು ಬಯಲಲ್ಲಿ ಕುಳಿತರು. ಮೊದಲ ಜಾವ ಕಳೆದಾಗ ಚಳಿಯಾಯಿತು, ಎರಡನೆಯದು ಹೊದ್ದರು. ನಡುಜಾವ ಕಳೆದಾಗ ಮೂರನೆಯದು. ಬೆಳಕು ಹರಿಯುವ ಹೊತ್ತಿಗೆ ನಾಲ್ಕನೆಯದು. ಅಷ್ಟಾದ ಮೇಲೆ ಚಳಿ ಇಲ್ಲ. ಚಳಿಗೆ ಹೆದರುವ ಮೈಯವರಿಗೂ ಇಷ್ಟು ಸಾಕು ಎಂದು ನೋಡಿ, ಎರಡು ಪದರದ ಸಂಘಾಟಿ, ಒಂದು ಪದರದ ಉತ್ತರಾಸಂಗ, ಒಂದು ಪದರದ ಅಂತರವಾಸಕ, ಹೀಗೆ ಮೂರು ಚೀವರಕ್ಕೆ ಒಪ್ಪಿಗೆ ಕೊಟ್ಟರು. ಲೆಕ್ಕ ಹಾಕಿ ನೋಡಿ, ನಾಲ್ಕು ಪದರವೇ ಆಯಿತು.

ನನಗೆ ಇಷ್ಟವಾದದ್ದು ಆ ಸಂಖ್ಯೆಯಲ್ಲ, ಅದಕ್ಕೆ ಬಂದ ರೀತಿ. ಕಡಿಮೆಯಿಂದ ಶುರು ಮಾಡಿ, ಚಳಿಯಾದಾಗ ಒಂದೊಂದೇ ಸೇರಿಸಿದರು. ನಾವು ಹೆಚ್ಚಿನಿಂದ ಶುರು ಮಾಡಿ ಒಂದೊಂದೇ ತೆಗೆಯಲು ಹೋಗುತ್ತೇವೆ, ಆಗ ಯಾವುದೂ ಕೈಬಿಡುವುದಿಲ್ಲ. ನಾನು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ಕಟ್ಟಿಟ್ಟು, ಎರಡು ತಟ್ಟೆ, ಎರಡು ಲೋಟ, ಒಂದು ಕುಕ್ಕರು ಹೊರಗಿಟ್ಟು ಹದಿನೈದು ದಿನ ಬದುಕಿದೆ. ಒಟ್ಟು ಆರು ಸಲ ಚೀಲ ಬಿಚ್ಚಬೇಕಾಯಿತು. ರೊಟ್ಟಿ ಹಂಚು ಮೊದಲ ದಿನವೇ ಹೊರಬಂತು. ಐವತ್ತು ಜನಕ್ಕೆ ಅನ್ನ ಮಾಡುವ ದಬರಿ ಹೊರಬರಲೇ ಇಲ್ಲ. ಅದನ್ನು ಮಗಳ ಮದುವೆಗೆ ಬೇಕಾದೀತೆಂದು ತಂದಿದ್ದು. ಮದುವೆಯ ಅಡುಗೆಯವರು ತಮ್ಮದೇ ಪಾತ್ರೆ ತಂದಿದ್ದರು!

ಇನ್ನು ಆನಂದರ ಹತ್ತು ದಿನ. ಕೆಲವು ಭಿಕ್ಖುಗಳು ಊರಿಗೆ ಹೋಗಲು ಒಂದು ಜೊತೆ ಚೀವರ, ವಿಹಾರದಲ್ಲಿರಲು ಇನ್ನೊಂದು, ಸ್ನಾನಕ್ಕೆ ಹೋಗಲು ಮತ್ತೊಂದು ಇಟ್ಟುಕೊಳ್ಳತೊಡಗಿದಾಗ ಭಗವಾನರು ಹೆಚ್ಚುವರಿ ಚೀವರವನ್ನು ನಿಷೇಧಿಸಿದರು. ಆಗಲೇ ಆನಂದರಿಗೆ ಒಂದು ಹೆಚ್ಚಿನ ಚೀವರ ಸಿಕ್ಕಿತು. ಅದನ್ನು ಸಾರಿಪುತ್ತರಿಗೆ ಕೊಡಬೇಕೆಂದು ಅವರ ಆಸೆ. ಆದರೆ ಸಾರಿಪುತ್ತರು ದೂರದ ಸಾಕೇತದಲ್ಲಿದ್ದಾರೆ. ಇಟ್ಟುಕೊಂಡರೆ ನಿಯಮ ಮುರಿಯುತ್ತದೆ. ಭಗವಾನರ ಬಳಿಗೆ ಹೋದರು. ಭಗವಾನರು ಕೇಳಿದ್ದು ಒಂದೇ ಪ್ರಶ್ನೆ, ಸಾರಿಪುತ್ತ ಯಾವಾಗ ಬರುತ್ತಾನೆ? ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಎಂದರು ಆನಂದರು. ಹಾಗಾದರೆ ಹೆಚ್ಚಿನ ಚೀವರವನ್ನು ಹತ್ತು ದಿನ ಇಟ್ಟುಕೊಳ್ಳಬಹುದು ಎಂದಾಯಿತು.

ಈ ಹತ್ತು ದಿನ ಎಲ್ಲಿಂದ ಬಂತು ಗಮನಿಸಿ. ಯಾವ ಶಾಸ್ತ್ರದ ಲೆಕ್ಕವೂ ಅಲ್ಲ. ಸಾಕೇತದಿಂದ ಒಬ್ಬ ಗೆಳೆಯ ನಡೆದು ಬರಲು ಹಿಡಿಯುವ ಸಮಯ ಅದು. ಆನಂದರ ಕೈಯಲ್ಲಿದ್ದ ಬಟ್ಟೆಗೆ ಒಂದು ಹೆಸರಿತ್ತು, ಒಂದು ದಿನವಿತ್ತು. ನಮ್ಮ ಅಟ್ಟದ ಮೇಲಿರುವುದಕ್ಕೆ ಎರಡೂ ಇರುವುದಿಲ್ಲ. "ಯಾರಿಗಾದರೂ ಬೇಕಾದೀತು, ಯಾವಾಗಲಾದರೂ ಬೇಕಾದೀತು." ಈ ಯಾರಾದರೂ ಎಂಬವರು ನಮ್ಮ ಮನೆಗೆ ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ಬರಲಿಲ್ಲ.

ಹಳೆಯ ಉತ್ತರಪತ್ರಿಕೆಗಳ ಹಿಂಬದಿ ಹರಿದು ಚೀಟಿ ಮಾಡಿ, ಪ್ರತಿಯೊಂದಕ್ಕೂ "ಯಾರಿಗೆ? ಯಾವ ತಾರೀಖಿನೊಳಗೆ?" ಎಂದು ಬರೆದು ಅಂಟಿಸಿದೆ. ಹೆಸರು ಬರೆಯಲು ಆಗದಿದ್ದರೆ ಅದು ದಾನದ ವಸ್ತುವಲ್ಲ, ಮಾರುವುದು ಅಥವಾ ರದ್ದಿ. ಪುಸ್ತಕಗಳಲ್ಲಿ ಇದು ಬಹಳ ಕೆಲಸಕ್ಕೆ ಬಂತು. ಬಾಬಾಸಾಹೇಬರ ಬರಹಗಳು ಮತ್ತು ಭಾಷಣಗಳ ಸಂಪುಟಗಳಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹೆಸರು ಕೂಡಲೇ ಹೊಳೆಯಿತು, ಫೋನ್ ಮಾಡಿದೆ, ಮರುದಿನವೇ ಬಂದು ಒಯ್ದ. ಹಳೆಯ ಪಠ್ಯಕ್ರಮದ ಗೈಡುಗಳಿಗೆ ಯಾವ ಹೆಸರೂ ಹೊಳೆಯಲಿಲ್ಲ. ಅವನ್ನು ಗ್ರಂಥಾಲಯಕ್ಕೆ ದಾನ ಮಾಡಿ ಅವರ ಕಪಾಟು ತುಂಬಿಸುವುದಕ್ಕಿಂತ ರದ್ದಿಯವನ ತಕ್ಕಡಿಯೇ ಪ್ರಾಮಾಣಿಕ.

ಇಲ್ಲಿಯವರೆಗೆ ಎಲ್ಲ ಸುಸೂತ್ರ. ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ.

ನನ್ನ ಹೆಂಡತಿ ತೀರಿಕೊಂಡು ಆಗ ಎರಡು ವರ್ಷ. ಅವಳ ಸೀರೆಗಳ ಅಲಮಾರಿಯನ್ನು ಕೊನೆಗೆ ತೆರೆದೆ. ರೇಷ್ಮೆ, ಇಳಕಲ್ಲು, ಒಳ್ಳೆಯ ಹತ್ತಿ ಸೀರೆಗಳನ್ನು ಒಂದು ಕಡೆ ಇಟ್ಟು "ಮಗಳಿಗೆ" ಎಂದು ಚೀಟಿ ಹಚ್ಚಿದೆ. ಮಗಳು ಫೋನಿನಲ್ಲಿ ಎರಡು ಸಲ ಬೇಡ ಎಂದಿದ್ದಳು, ಅವಳು ಸೀರೆ ಉಡುವುದು ವರ್ಷಕ್ಕೆ ಎರಡು ಸಲ. ಆದರೂ ಹಚ್ಚಿದೆ. ಉಳಿದವು, ಬಣ್ಣ ಹೋದವು, ಅಂಚು ಹರಿದವು, ಹನ್ನೊಂದು ಸೀರೆ. ಅವನ್ನು ಮಡಚಿ ಚೀಲದಲ್ಲಿ ಹಾಕಿ, ಹತ್ತೊಂಬತ್ತು ವರ್ಷ ನಮ್ಮ ಮನೆಗೆಲಸ ಮಾಡಿದ ತಾಯಿಗೆ ಕೊಟ್ಟೆ. ಕೊಟ್ಟು, ನಿಜ ಹೇಳಬೇಕೆಂದರೆ, ಅವರ ಮುಖದಲ್ಲಿ ಸಂತೋಷ ಕಾಣುತ್ತದೋ ಎಂದು ನಿಂತು ನೋಡಿದೆ.

ಅವರು ಚೀಲ ಬಿಚ್ಚಿ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಸಿಟ್ಟಿಲ್ಲದೆ ಹೇಳಿದರು: "ಅಕ್ಕೋರು ಇದ್ದಿದ್ರ ಇವನ್ನ ಫರಸಿ ಒರಸಲಿಕ್ಕ ಇಡ್ತಿದ್ರರಿ ಸರ."

ಬಂಧುಗಳೇ, ನಮ್ಮವ್ವ ಊರಲ್ಲಿ ಗೌಡರ ಮನೆಯ ಕೊಟ್ಟಿಗೆ ಬಳಿಯುತ್ತಿದ್ದಳು. ಯುಗಾದಿಯ ಹಿಂದಿನ ದಿನ ಆ ಮನೆಯ ಮಕ್ಕಳ ಹಳೆಯ ಅಂಗಿಗಳು ಕಟ್ಟೆಯ ಮೇಲಿನಿಂದ ಅವಳ ಸೆರಗಿಗೆ ಬೀಳುತ್ತಿದ್ದವು. ಬೀಳುತ್ತಿದ್ದವು ಎಂದೇ ಬರೆಯುತ್ತೇನೆ, ಕೊಡುತ್ತಿದ್ದರು ಎಂದು ಬರೆಯಲಾರೆ. ಅಂಥದೊಂದು ಅಂಗಿ ಹಾಕಿಕೊಂಡು ಶಾಲೆಗೆ ಹೋದಾಗ ಒಬ್ಬ ಹುಡುಗ ಎಲ್ಲರ ಮುಂದೆ ಅದರ ಕಾಲರು ಹಿಡಿದು "ಇದು ನಮ್ಮಣ್ಣಂದು" ಎಂದ. ಆ ದಿನ ನಾನು ಏನೇನು ಶಪಥ ಮಾಡಿಕೊಂಡೆನೋ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು, ಎಸೆದ ತುತ್ತನ್ನು ಇನ್ನು ಮುಟ್ಟುವುದಿಲ್ಲವೆಂದು ನಿಶ್ಚಯಿಸಿ ಎಂದು ನಮ್ಮ ಜನಕ್ಕೆ ಕರೆಕೊಟ್ಟದ್ದನ್ನು ಎಷ್ಟು ಏಪ್ರಿಲ್ 14ಕ್ಕೆ ಎಷ್ಟು ವೇದಿಕೆಯಲ್ಲಿ ಹೇಳಿದ್ದೇನೆ. ಅದೇ ನಾನು, ಕಟ್ಟೆಯ ಮೇಲೆ ನಿಂತಿದ್ದೆ. ಜಾತಿ ಇಲ್ಲದ ಕಟ್ಟೆ ಇರಬಹುದು, ಎತ್ತರ ಅಷ್ಟೇ ಇತ್ತು.

ಪಾಲಿ ಅಟ್ಠಕಥೆಗಳಲ್ಲಿ ಕೊಡುವವರನ್ನು ಮೂರು ಬಗೆಯಾಗಿ ಹೇಳಿದೆ. ರುಚಿಯಾದದ್ದನ್ನು ತಾನುಂಡು ಸಪ್ಪೆಯನ್ನು ಕೊಡುವವನು ದಾನದ ದಾಸ. ತಾನುಣ್ಣುವುದನ್ನೇ ಕೊಡುವವನು ದಾನದ ಗೆಳೆಯ. ತಾನು ಏನನ್ನೋ ಉಂಡು ರುಚಿಯಾದದ್ದನ್ನು ಕೊಡುವವನು ದಾನದ ಒಡೆಯ. ಇದನ್ನು ನಾವು ಭಾನುವಾರದ ಅಧ್ಯಯನದಲ್ಲಿ ಓದಿದ್ದೆವು, ನಾನೇ ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಕೈಯಲ್ಲಿ ಚೀಲ ಇದ್ದಾಗ ನೆನಪಾಗಲಿಲ್ಲ.

ಆ ತಾಯಿಯ ಮಾತಿನಲ್ಲಿ ಬೈಗುಳ ಇರಲಿಲ್ಲ, ತಿಳಿವಳಿಕೆ ಇತ್ತು. ಅದೇ ತಿಳಿವಳಿಕೆ ಆನಂದರದು. ಕೋಸಂಬಿಯ ಉದೇನ ರಾಜನ ರಾಣಿಯರು ಆನಂದರ ಉಪದೇಶ ಕೇಳಿ 500 ಚೀವರ ಕೊಟ್ಟರು. ರಾಜನಿಗೆ ಸಿಟ್ಟು, ಈ ಸಮಣ ಬಟ್ಟೆ ಅಂಗಡಿ ಇಡುತ್ತಾನೇನು ಎಂದು. ಬಂದು ಕೇಳಿದ, ಇಷ್ಟನ್ನು ಏನು ಮಾಡುತ್ತೀರಿ? ಚೀವರ ಸವೆದವರಿಗೆ ಹಂಚುತ್ತೇನೆ. ಅವರ ಹಳೆಯ ಚೀವರ? ಹೊದಿಕೆ ಮಾಡುತ್ತೇವೆ. ಹಳೆಯ ಹೊದಿಕೆ? ಹಾಸಿಗೆಯ ಮುಸುಕು. ಅದು ಹಳತಾದರೆ? ನೆಲದ ಹಾಸು. ಅದೂ ಹಳತಾದರೆ ಕಾಲೊರೆಸು. ಆಮೇಲೆ ಧೂಳು ಒರೆಸುವ ಬಟ್ಟೆ. ಕೊನೆಗೆ ಅದನ್ನು ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ. ರಾಜ ಮೆಚ್ಚಿ ಇನ್ನೂ 500 ಕೊಟ್ಟ. ಈ ಕಥೆಯನ್ನು ಸಾಮಾನ್ಯವಾಗಿ ಮಿತವ್ಯಯಕ್ಕೆ ಹೇಳುತ್ತಾರೆ. ನನಗೆ ಈಗ ಮೊದಲ ಉತ್ತರವೇ ಮುಖ್ಯವಾಗಿ ಕಾಣುತ್ತದೆ. ಮನುಷ್ಯರಿಗೆ ಹೋದದ್ದು ಹೊಸ ಬಟ್ಟೆ. ಹಳೆಯದು ಹಾಸಿಗೆಗೆ, ನೆಲಕ್ಕೆ, ಮಣ್ಣಿಗೆ ಹೋಯಿತು. ನಾನು ತಿರುಗಾಮುರುಗಾ ಮಾಡಿದ್ದೆ, ಹೊಸದನ್ನು ಕಪಾಟಿಗೆ, ಹಳೆಯದನ್ನು ಮನುಷ್ಯರಿಗೆ.

ಮರುದಿನ ಅವರನ್ನು ಕರೆದು, ತಪ್ಪಾಯಿತು ಎಂದು ಹೇಳಿ, ಅಲಮಾರಿ ಪೂರ್ತಿ ತೆರೆದು ಬೇಕಾದದ್ದನ್ನು ಆರಿಸಿಕೊಳ್ಳಿ ಎಂದೆ. ರೇಷ್ಮೆ ಮುಟ್ಟಲಿಲ್ಲ, ಒಗೆಯುವುದು ಕಷ್ಟ ಎಂದರು. ಎರಡು ಇಳಕಲ್ಲು, ನಾಲ್ಕು ಹತ್ತಿ ಸೀರೆ ತೆಗೆದರು. ಒಂದು ಹಸಿರು ಸೀರೆ ಹಿಡಿದು, ಇದನ್ನು ಅಕ್ಕೋರು ಶಾಲೆಯ ಗ್ಯಾದರಿಂಗಿಗೆ ಉಟ್ಟಿದ್ದರು ಎಂದು ನೆನಪು ಮಾಡಿದರು, ನನಗೆ ಆ ನೆನಪೇ ಇರಲಿಲ್ಲ. ಹರಿದ ಹನ್ನೊಂದನ್ನು ಏನು ಮಾಡುವುದೆಂದು ನಾನು ಕೇಳಿದೆ. ಅವರ ನಾದಿನಿ ಕೌದಿ ಹೊಲಿಯುತ್ತಾರಂತೆ. ಕೂಲಿ ಮಾತಾಡಿ ಕೊಟ್ಟೆವು. ಎರಡು ಕೌದಿ ಬಂದವು. ಒಂದು ಅವರ ಮನೆಯಲ್ಲಿದೆ, ಒಂದು ನನ್ನ ಮಂಚದ ಮೇಲಿದೆ. ರೇಷ್ಮೆ ಸೀರೆಗಳು ಹೆಂಡತಿಯ ತಂಗಿಯ ಸೊಸೆಯಂದಿರಿಗೆ ಹೋದವು, ಕೇಳಿಕೊಂಡು, ಅವರ ಕೈಯಿಂದಲೇ ಆರಿಸಿ.

ಪ್ರಶ್ನೆ ಕೇಳಿದ ಹಿರಿಯರಿಗೆ ಇಷ್ಟು ಹೇಳುತ್ತೇನೆ: ನಿಮ್ಮ ಮನೆಯಲ್ಲಿ ಕೆಲಸ ಮಾಡಿದವರನ್ನು, ಕೊನೆಯ ದಿನ ಚೀಲ ಕೊಡಲು ಕರೆಯಬೇಡಿ. ಮೊದಲ ದಿನ, ಎಲ್ಲ ಇನ್ನೂ ಜಾಗದಲ್ಲಿರುವಾಗ ಕರೆಯಿರಿ. ಬೇಡ ಎನ್ನಲು ಅವರಿಗೆ ಸಲೀಸಾಗಲಿ. ಬೇಡ ಎಂದದ್ದನ್ನು ಮಾರಿ, ಸಂಕೋಚ ಬೇಡ.

ಇನ್ನೊಂದು ಉಳಿದಿದೆ. ಅವಳ ಕನ್ನಡಕ, ಅದರ ಡಬ್ಬಿಯ ಸಮೇತ. ಯಾರಿಗೆ? ಆ ನಂಬರು ಯಾರಿಗೂ ಆಗದು. ತಾರೀಖು ಮಾತ್ರ ಬರೆದಿದ್ದೆ, ವೈಶಾಖ ಹುಣ್ಣಿಮೆಯೊಳಗೆ ಎಂದು. ಹುಣ್ಣಿಮೆ ಬಂದು ಹೋಯಿತು, ಡಬ್ಬಿ ಬೆಂಗಳೂರಿನ ಮೇಜಿನ ಖಾನೆಯಲ್ಲೇ ಇದೆ. ಹತ್ತು ದಿನ ಮೀರಿದ ಚೀವರಕ್ಕೆ ವಿನಯದಲ್ಲಿ ಒಂದು ಕ್ರಮವಿದೆ. ಭಿಕ್ಖು ಅದನ್ನು ಸಂಘದ ಮುಂದೆಯೋ ಒಬ್ಬ ಭಿಕ್ಖುವಿನ ಮುಂದೆಯೋ ಬಿಟ್ಟುಕೊಟ್ಟು, ದಿನ ಮೀರಿತು ಎಂದು ಒಪ್ಪಿಕೊಳ್ಳುತ್ತಾನೆ. ಅವರು ಆ ಒಪ್ಪಿಗೆಯನ್ನು ಕೇಳಿಸಿಕೊಂಡು, ಚೀವರವನ್ನು ಅವನಿಗೇ ಹಿಂದಿರುಗಿಸುತ್ತಾರೆ.

ದಿನ ಮೀರಿದೆ ಬಂಧುಗಳೇ, ನಿಮ್ಮ ಮುಂದೆ ಒಪ್ಪಿಕೊಂಡಿದ್ದೇನೆ.

ಭವತು ಸಬ್ಬ ಮಂಗಲಂ.