ಬೆಚಲೇಲನ ಕೈಕೆಲಸ: ಸೇವೆಯಲ್ಲಿರುವವರು ಟ್ರೈನಿಂಗ್ ತಗೋಬೇಕಾ?

ಹಿಂದೆ ನಿಂತಿರುವವರು ಮುಂದೆ ಬನ್ನಿ, ಜಾಗ ಇದೆ. ಬೈಬಲ್ ತೆಗೀರಿ. ಫೋನಲ್ಲಿದ್ದರೂ ಪರವಾಗಿಲ್ಲ, ವಾಟ್ಸಾಪ್ ಮಾತ್ರ ಬೇಡ. ವಿಮೋಚನಕಾಂಡ 31ನೇ ಅಧ್ಯಾಯ.

ದೇವರ ಆತ್ಮದಿಂದ ತುಂಬಿದವನು ಅಂತ ಬೈಬಲಿನಲ್ಲಿ ಮೊಟ್ಟಮೊದಲು ಬರೆದಿರುವುದು ಯಾರ ಬಗ್ಗೆ? ಮೋಶೆ? ಅಲ್ಲ. ಆರೋನ? ಅವನೂ ಅಲ್ಲ. ಬೆಚಲೇಲ. ಯೆಹೂದ ಕುಲದವನು, ಹೂರನ ಮೊಮ್ಮಗ. ಪ್ರವಾದಿಯಲ್ಲ, ಯಾಜಕನಲ್ಲ. ಚಿನ್ನ ಬೆಳ್ಳಿ ತಾಮ್ರದ ಕೆಲಸ, ಕಲ್ಲು ಮರ ಕೆತ್ತುವ ಕೆಲಸ ಬಲ್ಲವನು. ನಾವು ಆತ್ಮಾಭಿಷೇಕ ಅಂದ ಕೂಡಲೇ ಅನ್ಯಭಾಷೆ, ಪ್ರವಾದನೆ ಅಂತ ಯೋಚಿಸ್ತೀವಿ. ಅದು ಸರಿ, ನಾನೂ ಅದನ್ನ ನಂಬುವವನೇ. ಆದರೆ ಇಲ್ಲಿ ಆತ್ಮನು ಬಂದು ಕೊಟ್ಟದ್ದು ಕೈಕೆಲಸದ ಜಾಣ್ಮೆ. ಹಾಗೇ 35ನೇ ಅಧ್ಯಾಯ 34ನೇ ವಚನಕ್ಕೆ ಹೋಗಿ. ಬೇರೆಯವರಿಗೆ ಕಲಿಸುವ ವರವನ್ನೂ ದೇವರು ಅವನಿಗೂ ಒಹೊಲೀಯಾಬನಿಗೂ ಕೊಟ್ಟನಂತೆ. ಅಂದ್ರೆ ದೇವರ ಗುಡಾರ ಕಟ್ಟುವ ಜಾಗದಲ್ಲಿ ಕಲಿಸೋದೂ ಕಲಿಯೋದೂ ನಡೀತಿತ್ತು. ಆಮೆನ್?

ಇದನ್ನ ಯಾಕೆ ಎತ್ತಿದೆ ಅಂದ್ರೆ, ನಮ್ಮ ಸಭೆಯಲ್ಲಿ ಟ್ರಸ್ಟ್‌ಗಳಲ್ಲಿ, ಎನ್‌ಜಿಒಗಳಲ್ಲಿ, ಮಕ್ಕಳ ಹಾಸ್ಟೆಲ್‌ಗಳಲ್ಲಿ, ಡೀಅಡಿಕ್ಷನ್ ಸೆಂಟರ್‌ಗಳಲ್ಲಿ ಕೆಲಸ ಮಾಡುವ ಯುವಕ ಯುವತಿಯರು ತುಂಬಾ ಜನ ಇದ್ದೀರಿ. ನಮ್ಮ ಒಬ್ಬ ತಂಗಿ ಮೂರು ವರ್ಷದಿಂದ ಮಕ್ಕಳ ಹೋಮ್ ಒಂದರಲ್ಲಿದ್ದಾಳೆ. ಕೆಲಸ ಮಾಡ್ಕೊಂಡೇ ಎಂಎಸ್‌ಡಬ್ಲ್ಯೂ ಓದ್ತಾ ಇದ್ದಾಳೆ. ಪರೀಕ್ಷೆಗೆ ಎರಡು ದಿನ ರಜೆ ಕೇಳಿದ್ದಕ್ಕೆ ಮೇಲಿನವರು, "ಕರೆ ಇರೋರಿಗೆ ಸರ್ಟಿಫಿಕೇಟ್ ಯಾಕಮ್ಮ? ಪ್ರಾರ್ಥನೆ ಮಾಡು, ಕರ್ತನೇ ಕಲಿಸ್ತಾನೆ" ಅಂದರಂತೆ. ಅವಳು ಅಳ್ತಾ ನನ್ನ ಹತ್ರ ಬಂದು ಕೇಳಿದ್ದು ಒಂದೇ ಮಾತು: "ಅಣ್ಣಾ, ಓದಬೇಕು ಅನ್ನೋದು ನನ್ನ ಅಪನಂಬಿಕೆನಾ?" ಅವಳ ಅನುಮತಿ ಕೇಳಿಯೇ ಇದನ್ನ ಇಲ್ಲಿ ಹೇಳ್ತಿದ್ದೀನಿ.

ಅಪೊಸ್ತಲರು ಓದುಬರಹ ಇಲ್ಲದ ಸಾಮಾನ್ಯರು ಅಂತ ಅಪೊಸ್ತಲರ ಕೃತ್ಯ 4ರಲ್ಲಿ ಇದೆ, ನಿಜ. ಅದೇ ವಚನದಲ್ಲಿ, ಇವರು ಯೇಸುವಿನ ಸಂಗಡ ಇದ್ದವರು ಅಂತ ಜನ ಗುರುತು ಹಿಡಿದರು ಅಂತಲೂ ಇದೆ. ಆ ಸಂಗಡ ಇದ್ದ ಕಾಲ ಏನು? ಅದೇ ತರಬೇತಿ! ಮಾರ್ಕ 6 ನೋಡಿ. ಇಬ್ಬಿಬ್ಬರನ್ನಾಗಿ ಕಳಿಸಿದ, ಒಂಟಿಯಾಗಿ ಯಾರನ್ನೂ ಕಳಿಸಲಿಲ್ಲ. ವಾಪಸ್ ಬಂದು ಮಾಡಿದ್ದನ್ನೆಲ್ಲ ಹೇಳಿಕೊಂಡರು. ಊಟಕ್ಕೂ ಸಮಯ ಸಿಗದಷ್ಟು ಜನ ಇದ್ದಾಗ, ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಅಂತ ಅಡವಿಗೆ ಕರ್ಕೊಂಡು ಹೋದ. 9ನೇ ಅಧ್ಯಾಯದಲ್ಲಿ ದೆವ್ವ ಬಿಡಿಸೋಕೆ ಆಗದೆ ಸೋತಾಗ, ನಮ್ಮಿಂದ ಯಾಕೆ ಆಗಲಿಲ್ಲ ಅಂತ ಮನೆಯೊಳಗೆ ಬಂದು ಕೇಳಿದರು. ಬೈಗುಳದ ಭಯ ಇಲ್ಲದೆ ಹೀಗೆ ಕೇಳಬಹುದಾದ ಹಿರಿಯರು ನಿಮ್ಮ ಆಫೀಸಲ್ಲಿ ಇದ್ದಾರಾ? ಸೋಷಿಯಲ್ ವರ್ಕ್ ಓದಿದವರು ಇದನ್ನ ಸೂಪರ್‌ವಿಷನ್ ಅಂತಾರೆ.

ಈಗ ವೆಲ್ಲೂರಿಗೆ ಹೋಗೋಣ. ನಿಮ್ಮಲ್ಲಿ ಎಷ್ಟೋ ಜನ ಅಪ್ಪ ಅಮ್ಮನನ್ನ ಟ್ರೈನಲ್ಲಿ ಸಿಎಂಸಿಗೆ ಕರ್ಕೊಂಡು ಹೋಗಿರ್ತೀರಿ. ಅದರ ಹಿಂದೆ ಇರುವ ಐಡಾ ಸ್ಕಡರ್ 1870ರಲ್ಲಿ ಹುಟ್ಟಿದವರು, ಮಿಷನರಿ ಮನೆತನದ ಹುಡುಗಿ. ಇಂಡಿಯಾದಲ್ಲಿ ಇರೋಕೆ ಅವರಿಗೆ ಸ್ವಲ್ಪವೂ ಇಷ್ಟ ಇರಲಿಲ್ಲ. ತಾಯಿಗೆ ಹುಷಾರಿಲ್ಲ ಅಂತ ತಿಂಡಿವನಕ್ಕೆ ಬಂದಿದ್ದರು ಅಷ್ಟೇ. ಒಂದು ರಾತ್ರಿ ಒಬ್ಬರಾದ ಮೇಲೆ ಒಬ್ಬರು ಮೂರು ಮಂದಿ ಗಂಡಸರು ಬಂದರು. ಮೂವರ ಹೆಂಡತಿಯರೂ ಹೆರಿಗೆ ನೋವಲ್ಲಿ. ಐಡಾ ತಂದೆ ಡಾಕ್ಟರ್, ಆದರೆ ಪರಗಂಡಸು ಹೆರಿಗೆ ನೋಡಬಾರದು ಅಂತ ಅವರು ಒಪ್ಪಲಿಲ್ಲ. ನೀವೇ ಬನ್ನಿ ಅಂತ ಐಡಾನ್ನ ಕರೆದರು. ಇವರಿಗೆ ಏನು ಗೊತ್ತು? ಬೆಳಗಾಗುವಷ್ಟರಲ್ಲಿ ಮೂವರೂ ಹೆಣ್ಣುಮಕ್ಕಳು ತೀರಿಕೊಂಡಿದ್ದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಮೂರು ಮನೆಗಳಿಗೆ ಐಡಾ ಮರುಕದಿಂದ ಪ್ರಯೋಜನ ಆಗ್ತಿರಲಿಲ್ಲ. ಹೆರಿಗೆ ಮಾಡಿಸೋಕೆ ಬರುವ ಕೈ ಬೇಕಿತ್ತು. ಅವರು ಅದನ್ನ ಅರ್ಥ ಮಾಡಿಕೊಂಡು ಅಮೆರಿಕಕ್ಕೆ ಹೋಗಿ ಮೆಡಿಕಲ್ ಓದಿ, 1899ರಲ್ಲಿ ಕಾರ್ನೆಲ್‌ನಲ್ಲಿ ಡಿಗ್ರಿ ತಗೊಂಡರು. ಆ ವರ್ಷಗಳಲ್ಲೂ ಇಲ್ಲಿ ಹೆಣ್ಣುಮಕ್ಕಳು ಸಾಯ್ತಾನೇ ಇದ್ದರು. ಓದ್ತಾ ಕೂತರೆ ಸೇವೆ ಯಾರು ಮಾಡ್ತಾರೆ ಅಂತ ಯಾರಾದ್ರೂ ಕೇಳಿದ್ದರೆ ಅದು ನ್ಯಾಯವಾದ ಪ್ರಶ್ನೆಯೇ. 1900ರಲ್ಲಿ ವೆಲ್ಲೂರಲ್ಲಿ ಒಂದೇ ಹಾಸಿಗೆಯ ದವಾಖಾನೆ. ಆಮೇಲೆ 1909ರಲ್ಲಿ ನರ್ಸಿಂಗ್ ಸ್ಕೂಲ್, 1918ರಲ್ಲಿ ಹೆಣ್ಣುಮಕ್ಕಳಿಗೆ ಮೆಡಿಕಲ್ ಸ್ಕೂಲ್. ಎಷ್ಟು ರಾತ್ರಿ ತಾನೇ ಎದ್ದು ಓಡಿದರೂ ಸಾಲಲ್ಲ ಅಂತ ಗೊತ್ತಾಗಿ, ಬೇರೆಯವರನ್ನ ತಯಾರು ಮಾಡಿದರು. ಬೆಚಲೇಲ ನೆನಪಿಗೆ ಬಂದನಾ?

ನಮ್ಮ ಕಾಲಕ್ಕೆ ಬರೋಣ. ಒಂದು ಮಗು ನಿಮ್ಮ ಕೈ ಹಿಡಿದು, ಅಣ್ಣಾ, ಆ ಅಂಕಲ್ ಹೀಗೆ ಮಾಡಿದ್ರು ಅಂತ ಹೇಳ್ತು ಅಂದ್ಕೊಳ್ಳಿ. ಏನು ಮಾಡ್ತೀರಿ? ಸಭೆಗೆ, ಸಂಸ್ಥೆಗೆ ಕೆಟ್ಟ ಹೆಸರು ಬೇಡ, ಪ್ರಾರ್ಥನೆ ಮಾಡೋಣ ಅಂತ ಸುಮ್ಮನಾಗೋ ಹಾಗಿಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಸಂಶಯ ಬಂದರೂ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಜೈಲಿನ ಮಾತು ಆಮೇಲೆ. ಆ ಮಗುವನ್ನ ಕೂರಿಸಿ ಹತ್ತು ಜನ ಹತ್ತು ಸಲ ಅದನ್ನೇ ಕೇಳಿದರೆ ಅದರ ಗಾಯ ಇನ್ನೂ ದೊಡ್ಡದಾಗುತ್ತೆ. ಹೇಗೆ ಕೇಳಿಸ್ಕೋಬೇಕು, ಎಲ್ಲಿ ನಿಲ್ಲಿಸಬೇಕು, 1098ಕ್ಕೆ ಯಾವಾಗ ಫೋನ್ ಮಾಡಬೇಕು, ಇದೆಲ್ಲ ಕಲಿತರೇ ಬರೋದು. ಭಾನುವಾರ ಶಾಲೆಯ ಟೀಚರ್‌ಗಳೂ ಕೇಳಿಸ್ಕೊಳ್ಳಿ, ಇದು ನಿಮಗೂ ಸೇರಿದೆ.

ಎಲ್ಲಿ ಕಲಿಯೋದು? ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್ 1936ರಿಂದ ಇದೆ. ಮಂಗಳೂರಿನ ರೋಶನಿ ನಿಲಯ 1960ರಿಂದ ಸೋಷಿಯಲ್ ವರ್ಕ್ ಕಲಿಸ್ತಿದೆ. ಕೆಲಸ ಬಿಡೋಕೆ ಆಗದವರಿಗೆ ಇಗ್ನೋದಲ್ಲಿ ಎಂಎಸ್‌ಡಬ್ಲ್ಯೂ ಇದೆ. ಮನೆಯಲ್ಲೇ ಓದೋದು ಅಂತ ಸಲೀಸು ಅಂದ್ಕೋಬೇಡಿ, ಫೀಲ್ಡ್‌ವರ್ಕ್ ಮಾಡಲೇಬೇಕು. ಡಿಗ್ರಿ ಬೇಡ ಅನ್ನುವವರು ಲೆಕ್ಕ ಬರೆಯೋದನ್ನ, ವರದಿ ಬರೆಯೋದನ್ನ ಆದ್ರೂ ಕಲೀರಿ. ನಿಜ ಹೇಳ್ತೀನಿ, ಎಷ್ಟೋ ಒಳ್ಳೆ ಸೇವೆಗಳು ವಿರೋಧದಿಂದ ನಿಂತಿಲ್ಲ, ವೋಚರ್ ಸರಿಯಿಲ್ಲದೆ ನಿಂತಿವೆ.

ಇನ್ನು ಸಂಸ್ಥೆ ನಡೆಸುವ ಹಿರಿಯರಿಗೆ, ಗೌರವದಿಂದಲೇ ಒಂದು ಮಾತು. ನಿಮ್ಮ ಕಷ್ಟ ಗೊತ್ತು. 2020ರ ಎಫ್‌ಸಿಆರ್‌ಎ ತಿದ್ದುಪಡಿಯಲ್ಲಿ ವಿದೇಶಿ ದೇಣಿಗೆಯಿಂದ ಆಡಳಿತ ಖರ್ಚಿಗೆ ಬಳಸಬಹುದಾದ ಮಿತಿ ಶೇಕಡ 50ರಿಂದ 20ಕ್ಕೆ ಇಳಿದಿದೆ, ಕೈ ಕಟ್ಟಿ ಹಾಕಿದ ಹಾಗಾಗಿದೆ. ಆದರೂ ಪರೀಕ್ಷೆಗೆ ಎರಡು ದಿನ ರಜೆ ಕೊಡೋಕೆ ಯಾವ ಫಂಡೂ ಬೇಡ. ಕೆಲಸದವನಿಗೆ ಕೂಲಿ ಸಲ್ಲಬೇಕು ಅನ್ನೋದು ಲೂಕ 10ರಲ್ಲಿ ಯೇಸುವೇ ಹೇಳಿದ್ದು. ಆರು ವರ್ಷ ಅದೇ ಪೋಸ್ಟ್, ಅದೇ ಸಂಬಳ, ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಕೇಳಿದರೆ "ತ್ಯಾಗ" ಅನ್ನೋದು! ತ್ಯಾಗ ನಾನು ನನ್ನದನ್ನ ಕೊಡೋದು. ಇನ್ನೊಬ್ಬನದನ್ನ ನಾನು ಇಟ್ಟುಕೊಂಡರೆ ಅದಕ್ಕೆ ಯಾಕೋಬನ ಪತ್ರಿಕೆ 5ನೇ ಅಧ್ಯಾಯದಲ್ಲಿ ಬೇರೆ ಹೆಸರಿದೆ, ಮನೆಗೆ ಹೋಗಿ ಓದಿ.

ಬಡ್ತಿ ಆಸೆಪಡೋದು ಲೋಕದ ಆಸೆ ಅಲ್ವಾ ಅಂತ ಕೆಲವರು ಕೇಳ್ತೀರಿ. ಅಪೊಸ್ತಲರ ಕೃತ್ಯ 6ರಲ್ಲಿ ವಿಧವೆಯರಿಗೆ ಊಟ ಹಂಚುವ ಕೆಲಸಕ್ಕೇ ಆತ್ಮವೂ ಜ್ಞಾನವೂ ತುಂಬಿದವರು ಬೇಕು ಅಂದರು. ಹಾಗೆ ಆರಿಸಿದ ಏಳು ಜನರಲ್ಲಿ ಫಿಲಿಪ್ಪ ಒಬ್ಬ. ಎರಡೇ ಅಧ್ಯಾಯ ದಾಟಿದರೆ ಅವನು ಸಮಾರ್ಯದಲ್ಲಿದ್ದಾನೆ. ಅವನನ್ನ ಊಟದ ಮೇಜಿನ ಹತ್ತಿರವೇ ಯಾರೂ ಕಟ್ಟಿಹಾಕಲಿಲ್ಲ.

ಆ ತಂಗಿಯ ಪರೀಕ್ಷೆ ಮುಂದಿನ ತಿಂಗಳು. ಆ ಎರಡು ದಿನ ಅವಳ ಜಾಗದಲ್ಲಿ ಹೋಮ್‌ನಲ್ಲಿ ಕೆಲಸ ಮಾಡೋಕೆ ಇಬ್ಬರು ಅಕ್ಕಂದಿರು ಒಪ್ಪಿದ್ದಾರೆ. ಹೋಮ್‌ನವರ ಹತ್ರ ನಾನೇ ಮಾತಾಡ್ತೀನಿ. ಫೀಸ್ ಕಟ್ಟೋಕೆ ಕಷ್ಟ ಇರೋರು ಆರಾಧನೆ ಆದಮೇಲೆ ನನ್ನನ್ನ ನೋಡಿ. ಟ್ರಸ್ಟ್‌ಗಳಲ್ಲಿ ಕೆಲಸ ಮಾಡುವವರೆಲ್ಲ ಈಗ ಮುಂದೆ ಬನ್ನಿ. ಹಿರಿಯರು ಅವರ ಕೈಗಳನ್ನ ಹಿಡ್ಕೊಳ್ಳಿ. ಪ್ರಾರ್ಥಿಸೋಣ.